ಸೊನ್ನೆ ಕೇಸಿನ ಊರಿನಲ್ಲಿ ಸರಿಯಾಗಿ ಹೆದರುವ ವಿಧಾನ

ಬೆಂಗಳೂರಿನವರಿಗೆ ಹೆದರುವುದು ಸುಲಭ. ಅಲ್ಲಿ ಕೇಸುಗಳಿದ್ದವು, ಆಂಬುಲೆನ್ಸ್ ಓಡಾಡುತ್ತಿತ್ತು. ಕಲಬುರಗಿಯವರಿಗಂತೂ 2020ರ ಮಾರ್ಚ್ 10ರಂದು ದೇಶದ ಮೊದಲ ಕೊರೊನಾ ಸಾವೇ ಊರೊಳಗೆ ಬಂದು ಕೂತಿತ್ತು. ಸರಕು ಎದುರಿಗಿತ್ತು, ಹೆದರಿದರು, ಅದರಲ್ಲೇನು ಹೆಚ್ಚುಗಾರಿಕೆ? ಶಿವಮೊಗ್ಗ, ಭದ್ರಾವತಿಯವರ ಕಷ್ಟ ಬೇರೆ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಮೇ 10ರ ತನಕ ಇಡೀ ಜಿಲ್ಲೆಯಲ್ಲಿ ಒಂದೇ ಒಂದು ಕೇಸಿಲ್ಲ. ಸರ್ಕಾರ ಹಸಿರು ವಲಯವೆಂದು ಬಣ್ಣ ಬಳಿದು ಕೈತೊಳೆದುಕೊಂಡಿತು. ಹಾಗಿದ್ದೂ ನಾವು ಯಾರಿಗೂ ಕಡಿಮೆಯಿಲ್ಲದಂತೆ ಹೆದರಿದೆವು. ಕಚ್ಚಾವಸ್ತುವೇ ಇಲ್ಲದೆ ಮಾಲು ತಯಾರಿಸಿದ ಈ ವಿದ್ಯೆ ನಮ್ಮ ತಲೆಮಾರಿನೊಂದಿಗೆ ಮುಗಿದುಹೋಗಬಾರದು. ಮುಂದೆ ಬರುವ ರೋಗದ ಹೆಸರು ಏನೇ ಇರಲಿ, ಕ್ರಮ ಇದೇ. ಗಮನವಿಟ್ಟು ಓದಿ.

ಮೊಟ್ಟಮೊದಲು, ಆರೋಗ್ಯ ಇಲಾಖೆಯ ಬುಲೆಟಿನ್ ನೋಡುವುದನ್ನು ಬಿಡಿ. ಸಂಜೆ ಜಿಲ್ಲಾವಾರು ಪಟ್ಟಿ ಬರುತ್ತದೆ, ಶಿವಮೊಗ್ಗದ ಎದುರು ಸೊನ್ನೆ ಇರುತ್ತದೆ. ಅದನ್ನು ನೋಡಿದರೆ ರಾತ್ರಿ ಚೆನ್ನಾಗಿ ನಿದ್ದೆ ಬಂದು ಹಗಲೆಲ್ಲ ಪಟ್ಟ ಶ್ರಮ ನೀರುಪಾಲಾಗುತ್ತದೆ. ಅಕಸ್ಮಾತ್ ಕಣ್ಣಿಗೆ ಬಿದ್ದರೂ ಧೈರ್ಯ ತಂದುಕೊಳ್ಳಬೇಡಿ. ದನಿ ತಗ್ಗಿಸಿ, "ಮುಚ್ಚಿಡ್ತಿದಾರೆ ಮಾರಾಯ್ರೆ" ಎನ್ನಿ. ಈ ಮಾತಿಗೆ ಎದುರು ಮಾತಿಲ್ಲ. ಕೇಸು ಇದೆ ಎಂದರೆ ಇದೆ, ಇಲ್ಲ ಎಂದರೆ ಮುಚ್ಚಿಟ್ಟಿದ್ದಾರೆ. ಯಾವ ಕಡೆಯಿಂದ ಬಂದರೂ ನಿಮ್ಮ ಹೆದರಿಕೆಗೆ ಪೆಟ್ಟಿಲ್ಲ.

ಇನ್ನು ಸುದ್ದಿಗೊಂದು ಮೂಲ ಬೇಕು. ನೀವೇ ಕಂಡಿರೆಂದು ಎಂದೂ ಹೇಳಬೇಡಿ. ಕಂಡವನನ್ನು ಜನ ಪ್ರಶ್ನೆ ಕೇಳುತ್ತಾರೆ. "ನಮ್ಮ ಷಡ್ಡಕರ ಪಕ್ಕದ ಮನೆಯವರ ಸೊಸೆ ದೊಡ್ಡಾಸ್ಪತ್ರೆಯಲ್ಲಿ ಕೆಲಸಕ್ಕಿದಾಳೆ, ಅವಳೇ ಹೇಳಿದ್ದು" ಎನ್ನಿ. ಅಷ್ಟು ದೂರ ಹೋಗಿ ವಿಚಾರಿಸುವವರು ಯಾರೂ ಇಲ್ಲ, ಲಾಕ್‌ಡೌನಿನಲ್ಲಿ ಹೋಗಲು ಬಿಡುವವರೂ ಇಲ್ಲ. ಆ ಸೊಸೆ ಇದ್ದಾಳೋ ಇಲ್ಲವೋ ಎಂಬುದನ್ನು ನೀವು ಕೂಡ ವಿಚಾರಿಸಲು ಹೋಗಬೇಡಿ.

ಸ್ಥಳದ ಆಯ್ಕೆಯಲ್ಲಿ ಎಚ್ಚರವಿರಲಿ. ಶಿವಮೊಗ್ಗದಲ್ಲಿದ್ದರೆ ರೋಗಿಯನ್ನು ಭದ್ರಾವತಿಯಲ್ಲಿಡಿ, ಭದ್ರಾವತಿಯಲ್ಲಿದ್ದರೆ ಶಿವಮೊಗ್ಗದಲ್ಲಿಡಿ. ನಡುವೆ ಇರುವುದು ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಹೆದರಿಕೆಯಾಗುವಷ್ಟು ಹತ್ತಿರ, ಬಸ್ಸಿಲ್ಲದ ಕಾಲದಲ್ಲಿ ಹೋಗಿ ನೋಡಲಾಗದಷ್ಟು ದೂರ. ಎರಡೂ ಊರಿಗೆ ಒಂದೇ ಬಿ.ಎಚ್. ರಸ್ತೆ ಇರುವುದೂ ಅನುಕೂಲವೇ. "ಬಿ.ಎಚ್. ರೋಡಲ್ಲಿ ಒಬ್ಬ ಬಿದ್ದುಬಿಟ್ನಂತೆ" ಎಂದರೆ ಸಾಕು, ಯಾವ ಊರಿನ ಬಿ.ಎಚ್. ರಸ್ತೆ ಎಂಬುದನ್ನು ಕೇಳಿದವರೇ ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ. ತುಂಗೆ ಭದ್ರೆ ಕೂಡ್ಲಿಯಲ್ಲಿ ಸೇರುವ ಹಾಗೆ ಎರಡೂ ಊರಿನ ಸುದ್ದಿ ಎಲ್ಲೋ ಒಂದು ಕಡೆ ಸೇರಿ, ಹೊನ್ನಾಳಿ, ಹರಿಹರ ಮುಟ್ಟುವಷ್ಟರಲ್ಲಿ ಒಬ್ಬ ರೋಗಿ ಒಂದು ಕುಟುಂಬವಾಗಿರುತ್ತಾನೆ. ಅದು ಅಲ್ಲಿಂದ ಫೋನಿನಲ್ಲಿ ವಾಪಸು ಬಂದಾಗ ಹೊಸ ಸುದ್ದಿಯೆಂದೇ ತಿಳಿದು ಮತ್ತೊಮ್ಮೆ ಹೆದರಿ.

ಭದ್ರಾವತಿಯವರಿಗೆ ಈ ಉದ್ಯಮದಲ್ಲಿ ಮೊದಲೇ ಕೈ ಪಳಗಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ ಏದುಸಿರು ಬಿಡುತ್ತಿದೆ. ಇನ್ನೊಂದು ಕಾರ್ಖಾನೆ ಎಂಪಿಎಂ ಕಾಗದ ಮಾಡುವುದನ್ನು ನಿಲ್ಲಿಸಿ ವರ್ಷಗಳಾದವು. "ಫ್ಯಾಕ್ಟರಿ ಮತ್ತೆ ಶುರುವಾಗುತ್ತಂತೆ", "ಯಾರೋ ತಗೊಳ್ತಾರಂತೆ", "ಮುಚ್ಚೇ ಬಿಡ್ತಾರಂತೆ" ಎಂಬ ಮೂರು ಸುದ್ದಿಗಳನ್ನು ಸರದಿಯ ಮೇಲೆ ತಯಾರಿಸಿದ ಅನುಭವ ಆ ಊರಿಗಿದೆ. ಅದೇ ಯಂತ್ರಕ್ಕೆ ಕೊರೊನಾ ಹಾಕಿ, ಮೂರು ಪಾಳಿಯಲ್ಲಿ ನಡೆಸಿ. ಬೆಳಗಿನ ಪಾಳಿಯವರು ಹಾಲಿಗೆ ಹೋದಾಗ ಒಂದು ತುಂಡು ಮಾತು ಹೆಕ್ಕಿ ತರಲಿ. ಮಧ್ಯಾಹ್ನದ ಪಾಳಿಯಲ್ಲಿ ಕ್ವಾರ್ಟರ್ಸ್ ಕಟ್ಟೆಯ ಮೇಲಿನ ನಿವೃತ್ತರು ಅದನ್ನು ಹದಕ್ಕೆ ಕಾಯಿಸಿ ಎಳೆಯಲಿ. ರಾತ್ರಿ ಪಾಳಿಯಲ್ಲಿ ಅಳಿಯಂದಿರು ರವಾನೆ ಮಾಡಲಿ. ಬೆಂಕಿಯಿಲ್ಲದೆ ಹೊಗೆ ಎಲ್ಲಿಂದ ಬಂತು ಎಂದು ಯಾರಾದರೂ ತಕರಾರು ತೆಗೆದರೆ ಊರಿನ ಹಳೆಯ ಹೆಸರು ಬೆಂಕಿಪುರ ಎಂದು ನೆನಪಿಸಿ.

ರವಾನೆಯ ವಿಷಯಕ್ಕೆ ಬಂದೆ. 2020ರ ಏಪ್ರಿಲ್ 7ರ ತನಕ ವಾಟ್ಸಾಪಿನಲ್ಲಿ ಒಂದು ಸಂದೇಶವನ್ನು ಒಂದೇ ಏಟಿಗೆ ಐದು ಕಡೆ ಕಳಿಸಬಹುದಿತ್ತು. ಆಮೇಲೆ, ಬಹಳ ಕೈ ದಾಟಿ ಬಂದ ಸಂದೇಶವಾದರೆ ಒಂದು ಸಲಕ್ಕೆ ಒಂದೇ ಕಡೆ ಎಂದು ಕಟ್ಟು ಹಾಕಿದರು. ಹೊಸಬರು ಇಲ್ಲಿ ಕೈಚೆಲ್ಲುತ್ತಾರೆ. ಚೆಲ್ಲಬೇಡಿ. ಸಂದೇಶವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿ. ಜೋಡಿ ಬಾಣದ ಗುರುತು ಮಾಯವಾಗಿ ನಿಮ್ಮ ಸ್ವಂತ ಬರಹದಂತೆ ಕಾಣುತ್ತದೆ. ರಸ್ತೆ ತುಂಬ ನೋಟು ಚೆಲ್ಲಿದ ಚಿತ್ರ ಬಂದರೆ, ಸಾವಿನ ಮುಂದೆ ದುಡ್ಡಿಗೆ ಬೆಲೆಯಿಲ್ಲವೆಂದು ಇಟಲಿಯವರು ಎಸೆದದ್ದು ಎಂದು ಕಳಿಸಿ. ಅದು 2019ರಲ್ಲಿ ವೆನೆಜುವೆಲಾದಲ್ಲಿ ತೆಗೆದದ್ದು, ಹಣದುಬ್ಬರಕ್ಕೆ ಸಿಕ್ಕಿ ಬೆಲೆ ಕಳೆದುಕೊಂಡ ನೋಟುಗಳು ಎಂದು ಯಾವನಾದರೂ ಹುಡುಗ ತಿದ್ದಿದರೆ ಅವನನ್ನು ಗುಂಪಿನಿಂದ ತೆಗೆಯಿರಿ. ನಡುರಸ್ತೆಯಲ್ಲಿ ಸಿಂಹ ನಿಂತ ಚಿತ್ರ ಬಂದರೆ, ಜನ ಹೊರಗೆ ಬಾರದಂತೆ ರಷ್ಯಾದಲ್ಲಿ ಐನೂರು ಸಿಂಹ ಬಿಟ್ಟಿದ್ದಾರೆ ಎನ್ನಿ. ಆ ಸಿಂಹ 2016ರಲ್ಲಿ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನ ಬೀದಿಯಲ್ಲಿ ಚಿತ್ರೀಕರಣಕ್ಕೆ ಬಂದದ್ದು. ಇರಲಿ, ಅದಕ್ಕೂ ಹೊಟ್ಟೆಪಾಡು. ತ್ಯಾವರೆಕೊಪ್ಪದಲ್ಲಿ ಸಿಂಹಧಾಮ ಇಟ್ಟುಕೊಂಡಿರುವ ನಾವು ಈ ಸುದ್ದಿಯನ್ನು ಸ್ಥಳೀಯಗೊಳಿಸದೆ ಬಿಟ್ಟದ್ದು ಮಾತ್ರ ನನಗೆ ಇವತ್ತಿಗೂ ಆಶ್ಚರ್ಯ. ಮುಂದಿನ ಸಲ ಬಿಡಬೇಡಿ.

ಕಳಿಸುವ ಮುನ್ನ ಕೆಳಗೆ ಒಂದು ಸಾಲು ಸೇರಿಸಿ: "ನಿಜವೋ ಸುಳ್ಳೋ ಗೊತ್ತಿಲ್ಲ, ಬಂದದ್ದನ್ನು ಕಳಿಸಿದ್ದೇನೆ, ಹುಷಾರಾಗಿರಿ." 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಸುಳ್ಳು ಭೀತಿ ಹಬ್ಬಿಸಿದವರಿಗೆ ಒಂದು ವರ್ಷದವರೆಗೆ ಜೈಲು ಎಂದಿದೆ. ಈ ಸಾಲಿದ್ದರೆ ನೀವು ಭೀತಿ ಹಬ್ಬಿಸಿದಂತಾಗುವುದಿಲ್ಲ, ಸಮಾಜಸೇವೆ ಮಾಡಿದಂತಾಗುತ್ತದೆ. ನಮ್ಮ ಬಳಗದಲ್ಲಿ ಎಲ್ಲರೂ ಹೀಗೇ ನಂಬಿದ್ದೆವು, ಯಾರೂ ವಕೀಲರನ್ನು ಕೇಳಲಿಲ್ಲ.

ಈಗ ದೇಹದ ಕಡೆ ಬನ್ನಿ. ಬೆಳಿಗ್ಗೆ ಎದ್ದ ಕೂಡಲೆ ಹತ್ತು ಸೆಕೆಂಡು ಉಸಿರು ಬಿಗಿಹಿಡಿಯಿರಿ. ಕೆಮ್ಮು ಬಾರದಿದ್ದರೆ ಕೊರೊನಾ ಇಲ್ಲ ಎಂದು ಖಚಿತಪಡಿಸಿಕೊಳ್ಳಿ. ಅರ್ಧ ಗಂಟೆ ಬಿಟ್ಟು ಆ ಖಚಿತತೆಯನ್ನು ಅನುಮಾನಿಸಿ ಮತ್ತೆ ಹಿಡಿಯಿರಿ. ಸಾಕಷ್ಟು ಸಲ ಹಿಡಿದರೆ ತಲೆ ತಿರುಗುತ್ತದೆ. ಅದನ್ನು ಹೊಸ ಲಕ್ಷಣವೆಂದು ಬರೆದಿಟ್ಟುಕೊಳ್ಳಿ. ಆಗ ಯಾರಿಗಾದರೂ ಫೋನ್ ಮಾಡಿದರೆ ರಿಂಗ್ ಆಗುವ ಮೊದಲು ಎಚ್ಚರಿಕೆಯ ಸಂದೇಶದ ಜೊತೆ ಒಂದು ಕೆಮ್ಮು ಕೇಳುತ್ತಿತ್ತು, ಮುಂದೆಯೂ ಕೇಳಿಸಬಹುದು. ಅದು ಸರ್ಕಾರದ ಕೆಮ್ಮು, ಹೆದರಬೇಕಾಗಿಲ್ಲ. ಅದನ್ನು ಕೇಳಿ ನಿಮಗೂ ಬಂದರೆ ಅದು ನಿಮ್ಮದು, ಹೆದರಿ.

ಕಷಾಯಕ್ಕೆ ಮಲೆನಾಡಿನವರಿಗೆ ಪಾಠ ಬೇಕಾಗಿಲ್ಲ ಎಂದು ನಾನೂ ತಿಳಿದಿದ್ದೆ. ಆದರೆ ಅಜ್ಜಿಯ ಅಳತೆ ಸಾಮಾನ್ಯ ಶೀತಕ್ಕೆ ಹೇಳಿದ್ದು. ಇದು ಚೀನಾದ ಶೀತ. ಅಳತೆಯನ್ನು ನಾಲ್ಕು ಪಟ್ಟು ಮಾಡಿ. ಕಾಳುಮೆಣಸು, ಶುಂಠಿ, ಲವಂಗ, ಅಮೃತಬಳ್ಳಿ, ಬೆಳ್ಳುಳ್ಳಿ ಹಾಕಿ ಮಧ್ಯಾಹ್ನದವರೆಗೆ ಕುದಿಸಿ. ಬೆಲ್ಲ ಹಾಕಬೇಡಿ, ವೈರಸ್ಸಿಗೆ ಸಿಹಿ ಇಷ್ಟವಾದರೆ ಕಷ್ಟ. ದಿನಕ್ಕೆ ಐದು ಲೋಟ ಕುಡಿದು ನಾಲ್ಕನೆಯ ದಿನ ಹೊಟ್ಟೆಯಲ್ಲಿ ಬೆಂಕಿ ಬಿದ್ದರೆ, ಒಳಗಿದ್ದದ್ದು ಸಾಯುತ್ತಿದೆ ಎಂದು ಸಂತೋಷಪಡಿ. ಅದರ ಮೇಲೆ ಹಸಿ ಈರುಳ್ಳಿಗೆ ಉಪ್ಪು ಹಚ್ಚಿ ತಿನ್ನಿ. ಹದಿನೈದು ನಿಮಿಷದಲ್ಲಿ ಕೊರೊನಾ ಹೋಗುತ್ತದೆ ಎಂದಿದ್ದರು. ಮನೆಯವರೆಲ್ಲ ಆರಡಿ ದೂರ ಹೋಗುವುದಂತೂ ನಿಜ, ನಾನೇ ಕಂಡಿದ್ದೇನೆ.

ಜ್ವರ ಬಂದರೆ ನಮ್ಮ ಜಿಲ್ಲೆಯವರಿಗೆ ಒಂದು ಗೊಂದಲವಿದೆ, ಅದನ್ನು ಬಗೆಹರಿಸಿಕೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಪತ್ತೆಯಾದ ಕಾಯಿಲೆ ಇವತ್ತಿಗೂ ಇಲ್ಲೇ ಇದೆ. ಉಣುಗು ಕಚ್ಚಿ ಬರುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಕೊರೊನಾದ ಆ ಬೇಸಿಗೆಯಲ್ಲೂ ತೀರ್ಥಹಳ್ಳಿ ಕಡೆ ಮಂಗನ ಕಾಯಿಲೆ ಇತ್ತು. ತೋಟಕ್ಕೂ ಕಾಡಿಗೂ ಹೋಗುವವರು ಡಿಎಂಪಿ ಎಣ್ಣೆ ಹಚ್ಚಿಕೊಂಡು ಹೋಗುತ್ತಿದ್ದರು. ಇದಕ್ಕೆ ಹೆದರಬೇಡಿ. ಇದು ಕಾಡಂಚಿನ ಕೂಲಿಯವರ ಕಾಯಿಲೆ, ಟೀವಿಯಲ್ಲಿ ದಿನವಿಡೀ ಬರುವುದಿಲ್ಲ, ಇದಕ್ಕಾಗಿ ಯಾರೂ ತಟ್ಟೆ ಬಡಿದಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷದಿಂದ ಮನೆ ಹಿತ್ತಲಲ್ಲಿ ಇರುವುದಕ್ಕೆ ಹೆದರುವುದು ಹಳ್ಳಿಗುಗ್ಗುತನ. ಹೆದರುವುದಾದರೆ ವಿಮಾನದಲ್ಲಿ ಬಂದದ್ದಕ್ಕೇ ಹೆದರಿ.

ಸ್ವಚ್ಛತೆಯನ್ನು ಗಟ್ಟಿಯಾಗಿ ಹಿಡಿಯಿರಿ. ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯಿರಿ, ಕತ್ತರಿಸುವ ಮೊದಲು ಇನ್ನೊಮ್ಮೆ ತೊಳೆಯಿರಿ, ಕತ್ತರಿಯನ್ನೂ ತೊಳೆಯಿರಿ. ಪೇಪರಿಗೆ ಇಸ್ತ್ರಿ ಹಾಕಿ ಓದಿ. ಅದಕ್ಕಿಂತ ಸುರಕ್ಷಿತವೆಂದರೆ ಪೇಪರನ್ನೇ ಬಿಟ್ಟುಬಿಡುವುದು, ಹೇಗೂ ಅದರಲ್ಲಿ ಸುದ್ದಿಗೆ ಮೂಲ ಕೊಟ್ಟಿರುತ್ತಾರೆ. ಐನೂರರ ನೋಟನ್ನು ಸಾಬೂನು ನೀರಿನಲ್ಲಿ ಅದ್ದಿ ಟೆರೇಸಿನಲ್ಲಿ ಕ್ಲಿಪ್ಪು ಹಾಕಿ ಒಣಗಿಸಿ, ಕಾಯಲು ಅತ್ತೆಯವರನ್ನು ಕೂರಿಸಿ. ಮಾಸ್ಕು ಕೊಳ್ಳಲು ಹೋಗಿ. ಎರಡು ಪದರದ್ದಕ್ಕೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ ಎಂದು ಕೇಂದ್ರ ಸರ್ಕಾರ ಮಾರ್ಚಿನಲ್ಲೇ ದರ ಕಟ್ಟಿತ್ತು. ಆ ದರ ಹೇಳಿದರೆ "ಸ್ಟಾಕಿಲ್ಲ" ಎನ್ನುತ್ತಾರೆ. ಹೇಳದಿದ್ದರೆ ಸ್ಟಾಕಿರುತ್ತದೆ. ಹೇಳಬೇಡಿ. ಇಷ್ಟು ಖರ್ಚು ಮಾಡಿ ತಂದ ಮಾಸ್ಕನ್ನು ಮಾತಾಡುವಾಗ ಕೆಳಗೆ ಎಳೆಯಿರಿ, ಎದುರಿನವರಿಗೆ ಸ್ಪಷ್ಟವಾಗಿ ಕೇಳಿಸಲಿ.

ಮಾರ್ಚ್ 22ರ ಭಾನುವಾರದ ಜನತಾ ಕರ್ಫ್ಯೂವಿನಂಥ ದಿನ ಮತ್ತೆ ಬಂದರೆ ಗಣಿತದಿಂದ ಶುರುಮಾಡಿ. ವೈರಸ್ಸಿನ ಆಯಸ್ಸು ಹನ್ನೆರಡು ಗಂಟೆಯಂತೆ, ಕರ್ಫ್ಯೂ ಹದಿನಾಲ್ಕು ಗಂಟೆ, ಅಲ್ಲಿಗೆ ಕಥೆ ಮುಗಿಯಿತು ಎಂದು ಎಲ್ಲರಿಗೂ ಲೆಕ್ಕ ಹೇಳಿ. ಹಗಲೆಲ್ಲ ಮನೆಯೊಳಗೆ ಶಿಸ್ತಾಗಿ ಕೂತು, ಸಂಜೆ ಐದಕ್ಕೆ ಜಾಗಟೆ ಹಿಡಿದು ಬೀದಿಯವರೆಲ್ಲ ಗುಂಪಾಗಿ ಹೊರಗೆ ಬನ್ನಿ. ತಟ್ಟೆಯ ನಾದಕ್ಕೆ ವೈರಸ್ ಸಾಯುತ್ತದೆ, ನಾಸಾದವರ ಉಪಗ್ರಹಕ್ಕೂ ಕೇಳಿಸಿದೆ ಎಂದು ಪಕ್ಕದವರ ಕಿವಿಗೆ ಬಾಯಿಟ್ಟು ಹೇಳಿ. ನಿಮ್ಮ ಮೇಲಿನ ಮನೆಯಲ್ಲಿ ನರ್ಸ್ ಒಬ್ಬಳು ಬಾಡಿಗೆಗಿದ್ದರೆ ಐದು ಗಂಟೆಗೆ ಅವಳಿಗಾಗಿಯೇ ತಟ್ಟೆ ಬಡಿಯಿರಿ. ಆರು ಗಂಟೆಗೆ ಬಾಗಿಲು ಬಡಿದು, "ನಮಗೇನೂ ಇಲ್ಲಮ್ಮ, ಮನೇಲಿ ವಯಸ್ಸಾದವರಿದಾರೆ" ಎಂದು ಮನೆ ಖಾಲಿ ಮಾಡಲು ಹೇಳಿ. ಎರಡಕ್ಕೂ ಒಂದೇ ಕೈ ಸಾಕು. ರಾತ್ರಿ ಹೆಲಿಕಾಪ್ಟರಿನಿಂದ ಔಷಧ ಸಿಂಪಡಿಸುತ್ತಾರೆಂದು ಹೇಳಿ ಒಣಹಾಕಿದ ಬಟ್ಟೆಗಳನ್ನು ಒಳಗೆ ತನ್ನಿ. ಬೆಳಿಗ್ಗೆ ಹೆಲಿಕಾಪ್ಟರ್ ಬಂದ ಸದ್ದು ಕೇಳಿಸಿತೆಂದು ಹೇಳುವವರು ಪ್ರತಿ ಬೀದಿಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಿಮ್ಮ ಬೀದಿಯಲ್ಲಿ ಇಲ್ಲದಿದ್ದರೆ ನೀವೇ ಆಗಿ.

ಮನುಷ್ಯರ ವಿಂಗಡಣೆ ಮುಂದಿನ ಹಂತ. ನಿಮ್ಮ ಮಗ ಬೆಂಗಳೂರಿನಿಂದ ಬಂದರೆ ಅವನು ವರ್ಕ್ ಫ್ರಮ್ ಹೋಮ್. ಎದುರು ಮನೆಯವರ ಮಗ ಅದೇ ಕಾರಿನಲ್ಲಿ ಬಂದಿದ್ದರೂ ಅವನು ಕೇಸು. ಅವನಿಗೋಸ್ಕರ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಯಾರ ಮುಂಗೈ ಮೇಲಾದರೂ ಕ್ವಾರಂಟೈನ್ ಮುದ್ರೆ ಕಂಡರೆ ಕಿರುಚಿ. ಮತ ಹಾಕಿದಾಗ ಬೆರಳಿಗೆ ಬಳಿದಂಥದೇ ಶಾಯಿ ಎಂಬುದನ್ನು ಮರೆಯಿರಿ. ಅಂಥವರು ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರಕ್ಕೆ ಕಳಿಸಬೇಕಿತ್ತು. ನೀವು ಕಿಟಕಿಯಿಂದ ಅವರದೇ ಫೋಟೋ ತೆಗೆದು ಗುಂಪಿಗೆ ಹಾಕಿ, ಅವರಿಗೂ ನೆರವಾದೀತು. ಹಳ್ಳಿಯ ನೆಂಟರಿಗೆ ಫೋನ್ ಮಾಡಿ ದಾರಿಗೆ ಮುಳ್ಳುಬೇಲಿ ಎಳೆಯಲು ಹೇಳಿ. ಹಬ್ಬಕ್ಕೆ ನೀವೇ ಹೋಗಬೇಕೆನಿಸಿದಾಗ, "ನಾನೇನು ಹೊರಗಿನವನಾ" ಎಂದು ಅದೇ ಬೇಲಿಯ ಮುಂದೆ ಜಗಳ ಆಡಿ.

ಸೊಪ್ಪಿನ ಗಾಡಿಯವನು ಬಂದರೆ ಹೆಸರು ಕೇಳಿ. ಹತ್ತಾರು ವರ್ಷದಿಂದ ಅವನ ಹತ್ತಿರ ಮೆಂತ್ಯ, ಸಬ್ಬಸಿಗೆ ಕೊಂಡಿದ್ದೀರಿ, ಬಾಕಿ ಇಟ್ಟಿದ್ದೀರಿ, ಹೆಂಡತಿಯ ಸೀಮಂತಕ್ಕೆ ಬಾಳೆಎಲೆ ತರಿಸಿದ್ದೀರಿ, ಹೆಸರು ಮಾತ್ರ ಕೇಳಿರಲಿಲ್ಲ. ಈಗ ಕೇಳಿ. ಹೆಸರು ಸರಿಬರದಿದ್ದರೆ ಎಲ್ಲೋ ಯಾವನೋ ಹಣ್ಣಿಗೆ ಉಗುಳು ಹಚ್ಚಿದ ವಿಡಿಯೋ ನೆನಪು ಮಾಡಿಕೊಂಡು ಬಾಗಿಲು ಹಾಕಿ. ಆ ವಿಡಿಯೋ ಯಾವ ಊರಿನದು, ಯಾವ ವರ್ಷದ್ದು ಎಂದು ನೋಡಲು ಹೋಗಬೇಡಿ. ವೈರಸ್ಸಿಗೆ ಹೆಸರು ಓದಲು ಬರುತ್ತದೆಯೇ ಎಂಬ ಪ್ರಶ್ನೆ ಹುಟ್ಟಿಬಿಡುತ್ತದೆ. ಹಳೆಯ ಬಾಕಿ ಕೊಡಬೇಕಾಗಿಲ್ಲ ಎನ್ನುವುದು ಈ ಹಂತದ ಒಂದು ಲಾಭ.

ಹೆದರಿಕೆಗೆ ವಿರಾಮ ಕೊಡುವ ಜಾಗಗಳೂ ಗೊತ್ತಿರಬೇಕು. ಕೋಳಿಯಿಂದ ಕೊರೊನಾ ಬರುತ್ತದೆಂದು ಮಾರ್ಚಿನಲ್ಲೇ ಕೋಳಿ ಬಿಡಿ. ಪಕ್ಕದ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲಿ ಅದೇ ಹೊತ್ತಿಗೆ ಹಕ್ಕಿಜ್ವರ ಕಾಣಿಸಿಕೊಂಡಿತ್ತು, ಅದು ಬೇರೆ ಕಾಯಿಲೆ. ನಿಮಗೇಕೆ, ಎರಡನ್ನೂ ಕಲಸಿ. ಫಾರಮ್ಮಿನವನು ಮರಿಗಳನ್ನು ಜೀವಂತ ಹೂಳಲಿ. ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ಮಟನ್ ಅಂಗಡಿ ಮುಂದೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲಿ. ಕುರಿಗೆ ರೋಗವಿಲ್ಲ, ಆದ್ದರಿಂದ ಸಾಲಿಗೂ ಇಲ್ಲ. ಬ್ಯಾಂಕಿನ ಮುಂದೆಯೂ ಹೀಗೆಯೇ: ಜನಧನ ಖಾತೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 500 ರೂಪಾಯಿ ಬಂದಿದೆ, ಇವತ್ತೇ ತೆಗೆಯದಿದ್ದರೆ ಸರ್ಕಾರ ವಾಪಸು ತೆಗೆದುಕೊಳ್ಳುತ್ತದೆ ಎಂದು ಕೆಲಸದವಳಿಗೆ ಹೇಳಿ ಬಿಸಿಲಿಗೆ ಓಡಿಸಿ. ಮೇ 4ರಂದು ಮದ್ಯದಂಗಡಿ ತೆರೆದಾಗಿನ ಸಾಲಂತೂ ಆದರ್ಶ ಸಾಲು. ನಲವತ್ತು ದಿನ ನೋಟು ತೊಳೆದವರು ಅಂದು ಒದ್ದೆ ನೋಟನ್ನೇ ಕೊಟ್ಟರು. ರಾಜ್ಯದಲ್ಲಿ ಒಂದೇ ದಿನ 45 ಕೋಟಿ ರೂಪಾಯಿಯ ಮಾರಾಟ. ಆ ಸಾಲಿನಲ್ಲಿ ನಿಂತಾಗ ಕೆಮ್ಮು ಬಂದರೆ ಸಂಕೋಚವಿಲ್ಲದೆ ಕೆಮ್ಮಿ, ಯಾರೂ ತಿರುಗಿ ನೋಡುವುದಿಲ್ಲ.

ಕೊನೆಗೊಂದು ದಿನ ಕೇಸು ಬರುತ್ತದೆ. ನಮ್ಮಲ್ಲಿ ಮೇ 10ರಂದು ಬಂತು, ಅಹಮದಾಬಾದಿನಿಂದ ಬಂದವರು ಎಂಟು ಜನ. ಆ ದಿನ ಎಲ್ಲರಿಗಿಂತ ಮೊದಲು ಫೋನ್ ತೆಗೆದು, "ನಾನು ಆವತ್ತೇ ಹೇಳಿರಲಿಲ್ವಾ" ಎನ್ನಿ. ಆವತ್ತು ಹೇಳಿದ್ದು ಭದ್ರಾವತಿಯಲ್ಲಿ ಬಿದ್ದ ಮನುಷ್ಯನ ವಿಷಯ ಎಂದು ಯಾರೂ ನೆನಪಿಸುವುದಿಲ್ಲ, ಅವರದೂ ಅಂಥದೇ ಒಂದು ಇರುತ್ತದೆ. ಹಳೆಯ ಸಂದೇಶಗಳನ್ನು ಅಳಿಸಿ. ಒಂದು ವಾರ ಹೊಸ ಹುರುಪಿನಿಂದ ಹೆದರಿ.

ಆಮೇಲೆ ನಿಲ್ಲಿಸಿ. ಇಲ್ಲೇ ಬಹಳ ಜನ ತಪ್ಪುವುದು. ಕೇಸು ಹೆಚ್ಚಿದಂತೆ ಹೆದರಿಕೆಯನ್ನೂ ಹೆಚ್ಚಿಸಬೇಕೆಂದು ತಿಳಿಯುತ್ತಾರೆ. ಎರಡು ತಿಂಗಳು ಖರ್ಚು ಮಾಡಿದ್ದು ಇನ್ನೆಲ್ಲಿ ಉಳಿದಿರುತ್ತದೆ? ಜೂನ್ 8ಕ್ಕೆ ದೇವಸ್ಥಾನ, ಹೋಟೆಲು ತೆರೆದವು. ಮಳೆಗಾಲದಲ್ಲಿ ಜಿಲ್ಲೆಯ ಕೇಸು ಸಾವಿರ ದಾಟಿತು. ಸಾವಿರ ದಾಟಿದ ಮೇಲೆ ಅದು ಬರೀ ಸಂಖ್ಯೆ, ನೋಡಲು ಹೋಗಬೇಡಿ. ಕಷಾಯದ ಪಾತ್ರೆಯನ್ನು ಉಜ್ಜಿ ಮೇಲಿಡಿ. ಮುಂದೂಡಿದ ಮದುವೆಗಳಿಗೆಲ್ಲ ಹೋಗಿ, ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತು ಬನ್ನಿ. ಸಂಜೆ ಗಾಂಧಿ ಬಜಾರಿಗೆ ಹೋಗಿ, ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಅಡ್ಡ ಬರದಂತೆ ಮಾಸ್ಕನ್ನು ಗಲ್ಲಕ್ಕೆ ಇಳಿಸಿ. ಹಿಂದೆ ನಿಂತವರು ಯಾರಾದರೂ "ಸ್ವಲ್ಪ ದೂರ ನಿಲ್ಲಿ ಸಾರ್" ಎಂದರೆ, "ಇನ್ನೂ ಅದನ್ನೆಲ್ಲ ನಂಬ್ತೀರಾ?" ಎಂದು ಕೇಳಿ ಒಂದು ಹೆಜ್ಜೆ ಹತ್ತಿರ ಸರಿಯಿರಿ.